ಅಲ್ಜೀರಿಯಾದ ಮರಳಿನಡಿ ಸಿಕ್ಕ ನಮ್ಮೂರ ನೀರು: ಗಂಡ-ಹೆಂಡತಿ ಇಬ್ಬರೇ ಹೋಗಿಬಂದ 14 ದಿನದ ಗೈಡೆಡ್ ಟೂರ್

ಬೀದರಿನವಳು

2025ರ ಜನವರಿ 4ರಿಂದ 17ರವರೆಗೆ ನಾನೂ ನಮ್ಮ ಮನೆಯವರೂ ಅಲ್ಜೀರಿಯಾ ಸುತ್ತಿಬಂದೆವು. ಹೊರಡುವ ಮುಂಚೆ ಕನ್ನಡದಲ್ಲಿ ಯಾರಾದರೂ ಬರೆದಿದ್ದಾರಾ ಅಂತ ಬಹಳ ಹುಡುಕಿದೆ, ನನಗೇನೂ ಸಿಗಲಿಲ್ಲ. ಮುಂದೆ ಹೋಗುವವರಿಗೆ ಉಪಯೋಗವಾಗಲಿ ಅಂತ ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ. ಉದ್ದವಿದೆ.

ಇಬ್ಬರಿಗೂ ಐವತ್ತೈದು ದಾಟಿದೆ. ನಾನು ಬೀದರಿನವಳು, ಅವರು ಮೈಸೂರಿನವರು, ಇರುವುದು ಬೆಂಗಳೂರಿನಲ್ಲಿ. ಮಕ್ಕಳು ದುಬೈ ಸಾಕು, ಹೆಚ್ಚೆಂದರೆ ಈಜಿಪ್ಟ್ ನೋಡಿ ಬನ್ನಿ ಅಂದರು. ನಕ್ಷೆ ನೋಡಿದರೆ ಅಳುಕು ಬರುವುದು ಸಹಜ. 2011ರಲ್ಲಿ ಸುಡಾನ್ ಎರಡು ಹೋಳಾದ ಮೇಲೆ ಆಫ್ರಿಕಾದಲ್ಲಿ ಎಲ್ಲಕ್ಕಿಂತ ದೊಡ್ಡ ದೇಶ ಇದೇ. ಸುಮಾರು 23.8 ಲಕ್ಷ ಚದರ ಕಿಲೋಮೀಟರ್, ಕರ್ನಾಟಕದಂಥ ಹನ್ನೆರಡು ರಾಜ್ಯ ಅದರಲ್ಲಿ ಹಿಡಿಸುತ್ತವೆ. ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಬರೀ ಸಹಾರಾ.

ನಮ್ಮ ದಾರಿ ಹೀಗಿತ್ತು: ಅಲ್ಜೀರ್ಸ್, ಅಲ್ಲಿಂದ ವಿಮಾನದಲ್ಲಿ ಘರ್ದಾಯಾ, ಘರ್ದಾಯಾದಿಂದ ಕಾರಿನಲ್ಲಿ ತಿಮಿಮೂನ್, ಮತ್ತೆ ಅಲ್ಜೀರ್ಸ್‌ಗೆ ಬಂದು ಅಲ್ಲಿಂದ ತೀರಾ ಆಗ್ನೇಯ ಮೂಲೆಯ ಜಾನೆತ್.

ಅಲ್ಜೀರ್ಸ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸಮುದ್ರಕ್ಕೆ ಇಳಿಯುವ ಬಿಳಿ ಊರು. ಹಳೆಯ ಕಸ್ಬಾದ ಮೆಟ್ಟಿಲುಗಳನ್ನು ಮೇಲಿನಿಂದ ಕೆಳಕ್ಕೆ ಇಳಿಯಿರಿ, ಕೆಳಗಿನಿಂದ ಹತ್ತಬೇಡಿ, ಮಂಡಿ ಉಳಿಯುತ್ತದೆ. ಒಂದು ಅಂಗಡಿಯ ಮುಂದೆ ನಮ್ಮ ಮನೆಯವರು ನಿಂತೇಬಿಟ್ಟರು. ದೊಡ್ಡ ತಟ್ಟೆಯಲ್ಲಿ ಪಾಕದಲ್ಲಿ ಅದ್ದಿದ ಜಿಲೇಬಿ! ಅಲ್ಲಿ ಅದಕ್ಕೆ ಜ್ಲಾಬಿಯಾ ಅನ್ನುತ್ತಾರೆ. ನಮ್ಮ ಜಿಲೇಬಿ ಅನ್ನುವ ಹೆಸರಿನ ಮೂಲವೂ ಆ ಅರಬ್ಬಿ ಮಾತೇ.

ಘರ್ದಾಯಾ ಇರುವುದು ಮ್ಜಾಬ್ ಕಣಿವೆಯಲ್ಲಿ. ಅಲ್ಲಿ ಗೋಡೆ ಸುತ್ತಿದ ಐದು ಊರುಗಳಿವೆ. ಇಬಾದಿ ಪಂಥದ ಮುಸ್ಲಿಮರು 11ನೇ ಶತಮಾನದಿಂದ ಕಟ್ಟುತ್ತಾ ಬಂದದ್ದು. ಎಲ್ ಅತ್ತೆಫ್ ಎಲ್ಲಕ್ಕಿಂತ ಹಳೆಯದು, 1012ರದ್ದು. ಪ್ರತಿ ಊರಿಗೂ ಗುಡ್ಡದ ನೆತ್ತಿಯಲ್ಲಿ ಮಸೀದಿ, ಅದರ ಸುತ್ತ ಮನೆಗಳು ಕೆಳಗಿಳಿಯುತ್ತವೆ. ಒಬ್ಬರ ಗೋಡೆ ಇನ್ನೊಬ್ಬರ ಮನೆಯ ಬಿಸಿಲನ್ನು ತಡೆಯಬಾರದು ಅನ್ನುವುದು ಅಲ್ಲಿಯ ಕಟ್ಟುಪಾಡು. ಸಿರಿವಂತನ ಮನೆ ಯಾವುದು, ಬಡವನ ಮನೆ ಯಾವುದು ಅಂತ ಹೊರಗಿನಿಂದ ಹೇಳಲಾಗದು. ಬೆನಿ ಇಸ್ಗೆನ್ ಅನ್ನುವ ಊರಿಗಂತೂ ಆ ಊರಿನವರೇ ಗೈಡ್ ಆಗಿ ಜೊತೆಗೆ ಬರಬೇಕು. ಒಳಗೆ ಸಿಗರೇಟು ಸೇದುವಂತಿಲ್ಲ, ಜನರ ಫೋಟೋ ತೆಗೆಯುವಂತಿಲ್ಲ.

ಅಲ್ಲಿ ಹೆಂಗಸರು ಬಿಳಿ ಬಟ್ಟೆಯನ್ನು ಮೈತುಂಬ ಹೊದ್ದು ಒಂದೇ ಕಣ್ಣು ಕಾಣುವಂತೆ ಹಿಡಿದುಕೊಂಡು ಓಡಾಡುತ್ತಾರೆ. ಮೊದಲ ದಿನ ನನಗೆ ಕಸಿವಿಸಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಎರಡನೇ ದಿನ ಒಬ್ಬ ಅಜ್ಜಿ ಓಣಿಯ ತಿರುವಿನಲ್ಲಿ ನನ್ನ ಸೀರೆಯ ಅಂಚನ್ನು ಬೆರಳಲ್ಲಿ ಹಿಡಿದು, ನೇಯ್ಗೆ ನೋಡಿ, ಏನೋ ಹೇಳಿ ನಕ್ಕು ಹೋದರು. ಕಸಿವಿಸಿ ಪೂರ್ತಿ ಹೋಯಿತು ಅನ್ನಲಾರೆ. ಆದರೆ ಆಮೇಲೆ ಆ ಬಿಳಿ ಬಟ್ಟೆಯ ಒಳಗೆ ಒಂದು ನಗು ಇದೆ ಅನ್ನುವುದು ಮರೆಯಲಿಲ್ಲ.

ನಾನು ಈ ಪೋಸ್ಟ್ ಬರೆಯಲು ಕೂತದ್ದೇ ತಿಮಿಮೂನ್‌ಗಾಗಿ.

ಕೆಂಪು ಮಣ್ಣಿನ ಊರು. ಗೋಡೆ, ಬೀದಿ, ಕಮಾನು ಎಲ್ಲವೂ ಕೆಂಪು. ಊರಿನ ಅಂಚಿಗೆ ನಿಂತರೆ ಕೆಳಗೆ ಖರ್ಜೂರದ ತೋಟ, ಅದರಾಚೆ ಒಣಗಿದ ಉಪ್ಪಿನ ಸರೋವರ, ಅದರಾಚೆ ಮರಳು. ನಮ್ಮ ಗೈಡ್ ನಮ್ಮನ್ನು ಮೊದಲು ತೋಟಕ್ಕೆ ಕರೆದೊಯ್ಯಲಿಲ್ಲ. ಊರ ಹೊರಗೆ ಬಯಲಿಗೆ ಕರೆದುಕೊಂಡು ಹೋಗಿ ನೆಲದಲ್ಲಿ ಸಾಲಾಗಿ ಕಾಣುವ ಮಣ್ಣಿನ ಗುಪ್ಪೆಗಳನ್ನು ತೋರಿಸಿದರು. ಒಂದೊಂದು ಗುಪ್ಪೆಯ ನಡುವೆ ಒಂದೊಂದು ಬಾವಿಯ ಬಾಯಿ. ಕೆಳಗೆ ಬಾವಿಯಿಂದ ಬಾವಿಗೆ ಸುರಂಗ, ಸುರಂಗಕ್ಕೆ ಕಂಡೂ ಕಾಣದಷ್ಟು ಇಳಿಜಾರು. ಎತ್ತರದ ಕಡೆ ನೆಲದಡಿಯಲ್ಲಿರುವ ನೀರು ಆ ಸುರಂಗದಲ್ಲಿ ತಾನಾಗಿ ಹರಿದುಬಂದು ತೋಟದ ಹತ್ತಿರ ಹೊರಗೆ ಬೀಳುತ್ತದೆ. ಪಂಪು ಬೇಡ, ಎತ್ತು ಬೇಡ, ಬಿಸಿಲಿಗೆ ಆವಿಯಾಗುವ ಭಯವೂ ಇಲ್ಲ. ಅವರು ಅದಕ್ಕೆ ಫೊಗ್ಗಾರ ಅನ್ನುತ್ತಾರೆ.

ನಾನು ನಮ್ಮ ಮನೆಯವರ ಕೈ ಹಿಡಿದು "ಇದು ನಮ್ಮ ಸುರಂಗ ಬಾವಿ" ಅಂದೆ. ಬೀದರಿನ ನೌಬಾದ್‌ನಲ್ಲಿ ಬಹಮನಿ ಕಾಲದ ಕರೇಜ್ ಇದೆಯಲ್ಲ, ಅದೇ. ಪರ್ಶಿಯಾದಲ್ಲಿ ಬೆಳೆದ ವಿದ್ಯೆ ಅದು. ಒಂದು ಕೈ ಪೂರ್ವಕ್ಕೆ ಚಾಚಿ ದಖ್ಖನಿಗೆ ಬಂತು, ಇನ್ನೊಂದು ಕೈ ಪಶ್ಚಿಮಕ್ಕೆ ಚಾಚಿ ಸಹಾರಾಕ್ಕೆ ಹೋಯಿತು. ನಾನು ಚಿಕ್ಕವಳಿದ್ದಾಗ ಹೊಲದ ನಡುವಿನ ಆ ಬಾವಿಬಾಯಿಗಳ ಹತ್ತಿರ ಹೋಗಬೇಡ ಅಂತ ಮನೆಯಲ್ಲಿ ಗದರುತ್ತಿದ್ದರು. ಅದು ಏನು, ಯಾಕೆ ಇದೆ ಅಂತ ಮಾತ್ರ ಯಾರೂ ಹೇಳಿರಲಿಲ್ಲ. ಹೇಳಿಸಿಕೊಳ್ಳಲು ಅಷ್ಟು ದೂರ ಹೋಗಬೇಕಾಯಿತು.

ನೀರು ಹೊರಬೀಳುವ ಜಾಗದಲ್ಲಿ ಬಾಚಣಿಗೆಯ ಹಲ್ಲಿನಂತೆ ಕಿಂಡಿಗಳಿರುವ ಒಂದು ಕಲ್ಲು ಅಡ್ಡ ಇಟ್ಟಿರುತ್ತಾರೆ. ಅದರ ಹೆಸರು ಕಸ್ರಿಯಾ. ಒಂದೊಂದು ಕಿಂಡಿಯ ನೀರು ಒಂದೊಂದು ಮನೆತನದ ಪಾಲು, ಕಿಂಡಿಯ ಅಗಲವೇ ಹಕ್ಕುಪತ್ರ. ಮದುವೆಯಾದಾಗ, ಆಸ್ತಿ ಪಾಲಾದಾಗ, ಯಾರಾದರೂ ತಮ್ಮ ಪಾಲು ಮಾರಿದಾಗ ಮತ್ತೆ ಅಳೆಯಬೇಕು. ಅಳೆಯುವುದಕ್ಕೆಂದೇ ಊರಿಗೊಬ್ಬ ಹಿರಿಯರಿರುತ್ತಾರೆ. ಅವರ ಕೈಯಲ್ಲಿ ಸಾಲುಸಾಲು ತೂತು ಕೊರೆದ ತಾಮ್ರದ ತಗಡು. ಎಷ್ಟು ತೂತಿನಿಂದ ನೀರು ಬಿಟ್ಟರೆ ಹರಿವು ಸರಿದೂಗುತ್ತದೋ ಅಷ್ಟು ಲೆಕ್ಕ. ತುವಾತ್ ಮತ್ತು ತಿದಿಕೆಲ್ತ್ ಸೀಮೆಯ ನೀರಳೆಯುವವರ ಈ ವಿದ್ಯೆಯನ್ನು ಯುನೆಸ್ಕೋ 2018ರಲ್ಲಿ ತುರ್ತಾಗಿ ಉಳಿಸಬೇಕಾದವುಗಳ ಪಟ್ಟಿಗೆ ಸೇರಿಸಿದೆ. ತುರ್ತು ಯಾಕೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ಆಳದ ಬೋರ್‌ವೆಲ್ ಬಂದ ಕಡೆ ಫೊಗ್ಗಾರ ಬತ್ತುತ್ತಿದೆ, ಸುರಂಗಕ್ಕೆ ಇಳಿದು ಮರಳು ತೆಗೆಯಲು ಹುಡುಗರು ಸಿಗುತ್ತಿಲ್ಲ. ನಾವು ನೋಡಿದ ಒಂದು ಕಸ್ರಿಯಾದ ಅರ್ಧ ಹಲ್ಲುಗಳು ಒಣಗಿದ್ದವು.

ಜಾನೆತ್ ಬಗ್ಗೆ ಇನ್ನೊಂದು ಪೋಸ್ಟಿನಲ್ಲಿ ಬರೆಯುತ್ತೇನೆ. ಪ್ರಶ್ನೆಗಳಿದ್ದರೆ ಕೇಳಿ.


ಹುಬ್ಬಳ್ಳಿ ಹುಡುಗ

ಅಕ್ಕಾರ, ಭಾಳ ಚಲೋ ಬರದೀರಿ. ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಾ ಎಲ್ಲಾ ಕಡೆ ಒಬ್ನ ಬ್ಯಾಗ್ ಹಾಕ್ಕೊಂಡ್ ತಿರಗಾಂವ. ಗೈಡ್ ಕಟ್ಕೊಂಡ್ ಹೋದ್ರ ಅವ್ರು ತೋರಿಸಿದ್ದಷ್ಟ ನೋಡೂದಾಗ್ತದ, ನಮ್ಮ ಕಣ್ಣಿಗೆ ಬಿದ್ದದ್ದಲ್ಲ. ರೊಕ್ಕಾನೂ ಜಾಸ್ತಿ. ಅಲ್ಲಿ ಹಂಗ ಹೋಗಾಕ ಬರೂದಿಲ್ಲೇನ್ರಿ?


ಬೀದರಿನವಳು

ಬ್ಯಾಸರ ಯಾಕ್ರಿ ತಮ್ಮಾ, ಹೋಗುವ ಮುಂಚೆ ನಾನೂ ಇದನ್ನೇ ಕೇಳಿದ್ದೆ.

ಅಲ್ಜೀರ್ಸ್, ಕಾನ್ಸ್ಟಂಟೈನ್, ರೋಮನ್ನರ ಕಾಲದ ತಿಮ್ಗಾದ್, ಇವೆಲ್ಲ ಉತ್ತರದ ಜಾಗಗಳು. ಅಲ್ಲಿ ನೀವು ಒಬ್ಬರೇ ತಿರುಗಬಹುದು. ದಕ್ಷಿಣದ ಮರುಭೂಮಿಗೆ ಮಾತ್ರ ನೋಂದಾಯಿತ ಏಜೆನ್ಸಿ, ಸ್ಥಳೀಯ ಗೈಡ್ ಬೇಕೇ ಬೇಕು. ಅದು ನಿಯಮ. ಕೆಲವು ಹಾದಿಯಲ್ಲಿ ಊರಿಂದ ಊರಿಗೆ ಜಾಂಡರ್ಮ್ ಅನ್ನುವ ಪೊಲೀಸರ ಜೀಪು ಮುಂದೆಯೋ ಹಿಂದೆಯೋ ಬರುತ್ತದೆ. ಮೊದಲ ದಿನ ಮುಜುಗರ, ಆಮೇಲೆ ಅಭ್ಯಾಸವಾಯಿತು.

ನಿಯಮದ ಮಾತು ಬಿಡಿ. ಆ ಮಣ್ಣಿನ ಗುಪ್ಪೆಗಳ ಪಕ್ಕದಲ್ಲಿ ನಾನು ಒಬ್ಬಳೇ ನಡೆದುಹೋಗಿದ್ದರೆ ಹೆಗ್ಗಣ ತೋಡಿದ ಮಣ್ಣು ಅಂದುಕೊಂಡು ಮುಂದೆ ಹೋಗುತ್ತಿದ್ದೆ. ಬೀದರಿನಲ್ಲಿ ಇಪ್ಪತ್ತು ವರ್ಷ ಹಾಗೇ ಹೋಗಿದ್ದೇನೆ. ನನ್ನ ಕಣ್ಣಿಗೆ ಬಿದ್ದದ್ದು ನನಗೆ ಕಾಣಿಸಿದ್ದು ಇನ್ನೊಬ್ಬರು ಕೈ ತೋರಿಸಿದಾಗ. ಗೈಡ್‌ನ ತಾತ ಆ ಸುರಂಗಕ್ಕೆ ಇಳಿದು ಮರಳು ತೆಗೆದವರು. ಅದಕ್ಕೇ ಅವರು ನಮ್ಮನ್ನು ತೋಟಕ್ಕಿಂತ ಮೊದಲು ಬಯಲಿಗೆ ಕರೆದೊಯ್ದದ್ದು.

ನಿಮ್ಮ ಮಾತಿನಲ್ಲಿ ನಿಜವೂ ಇದೆ. ಘರ್ದಾಯಾದಲ್ಲಿ ಒಂದು ಮಧ್ಯಾಹ್ನ ನಮ್ಮನ್ನು ಕಾರ್ಪೆಟ್ ಅಂಗಡಿಯಲ್ಲಿ ಎರಡು ಗಂಟೆ ಕೂರಿಸಿದರು. ಆ ಎರಡು ಗಂಟೆ ಇವತ್ತಿಗೂ ನನಗೆ ಸಿಟ್ಟಿದೆ. ಏಜೆನ್ಸಿ ಜೊತೆ ಮೊದಲೇ ಬರೆದುಕೊಂಡುಬಿಡಿ: ಅಂಗಡಿ ಬೇಡ, ಇಂತಿಂಥ ಜಾಗದಲ್ಲಿ ನಮಗೆ ಅರ್ಧ ದಿನ ಬಿಡುವು ಬೇಕು ಅಂತ.


ದಾವಣಗೆರೆ ಬೆಣ್ಣೆ

ವೀಸಾ, ದುಡ್ಡು, ವಿಮಾನ. ಈ ಮೂರೂ ಹೇಳಿ ಮೇಡಂ, ಉಳಿದದ್ದು ನಾವೇ ನೋಡಿಕೊಳ್ಳುತ್ತೇವೆ.


ಬೀದರಿನವಳು

ವೀಸಾ ನಮಗೆ ಬೇಕು. 2023ರ ಆರಂಭದಿಂದ ಸಹಾರಾಕ್ಕೆ ಏಜೆನ್ಸಿ ಮೂಲಕ ಹೋಗುವವರಿಗೆ ಅಲ್ಲಿಯ ವಿಮಾನ ನಿಲ್ದಾಣದಲ್ಲೇ ವೀಸಾ ಕೊಡುವ ವ್ಯವಸ್ಥೆ ಮಾಡಿದ್ದಾರೆ. ಏಜೆನ್ಸಿಯವರೇ ಮೊದಲು ಅರ್ಜಿ ಹಾಕಿ ಅನುಮತಿ ಪತ್ರ ಕಳಿಸುತ್ತಾರೆ. ಅದರ ಪ್ರಿಂಟ್ ತೆಗೆದುಕೊಂಡು ಹೋಗಿ, ಫೋನಿನಲ್ಲಿ ತೋರಿಸಿದರೆ ಬೆಂಗಳೂರಿನ ಚೆಕ್-ಇನ್ ಕೌಂಟರಿನಲ್ಲೇ ತಡೆಯುತ್ತಾರೆ. ನಮ್ಮನ್ನು ಮುಕ್ಕಾಲು ಗಂಟೆ ನಿಲ್ಲಿಸಿದ್ದರು.

ದೋಹಾ, ದುಬೈ, ಇಸ್ತಾಂಬುಲ್ ಮೂಲಕ ಅಲ್ಜೀರ್ಸ್‌ಗೆ ವಿಮಾನಗಳಿವೆ. ದೇಶದೊಳಗೆ ಏರ್ ಅಲ್ಜೇರಿ. ಜಾನೆತ್‌ಗೆ ಸುಮಾರು ಎರಡೂವರೆ ಗಂಟೆ ಹಾರಾಟ.

ಕಾರ್ಡ್ ನೆಚ್ಚಿಕೊಳ್ಳಬೇಡಿ. ಯೂರೋ ನೋಟು ಒಯ್ಯಿರಿ, ಒಳಗೆ ಹೋಗುವಾಗ ಕಸ್ಟಮ್ಸ್‌ನಲ್ಲಿ ಬರೆದುಕೊಡಿ. ಬೀದಿಯಲ್ಲಿ ಬ್ಯಾಂಕಿಗಿಂತ ಬಹಳ ಹೆಚ್ಚು ದಿನಾರ್ ಕೊಡುತ್ತೇವೆ ಅನ್ನುವವರಿರುತ್ತಾರೆ. ಅದು ಕಾನೂನುಬಾಹಿರ, ನಾವು ಹೋಗಲಿಲ್ಲ. ಡ್ರೋನ್ ತೆಗೆದುಕೊಂಡು ಹೋಗಲೇಬೇಡಿ, ಕಿತ್ತುಕೊಳ್ಳುತ್ತಾರೆ. ಬೈನಾಕ್ಯುಲರ್ ಕೂಡ.

ಎಲ್ಲ ಸೇರಿ ಇಬ್ಬರಿಗೆ ಆರು ಲಕ್ಷದ ಹತ್ತಿರ ಆಯಿತು. ನಾವಿಬ್ಬರೇ ಹೋದದ್ದರಿಂದ ಹೆಚ್ಚು. ನಾಲ್ಕು ಜನ ಸೇರಿದರೆ ಜೀಪಿನ ಖರ್ಚು ಹಂಚಿಹೋಗುತ್ತದೆ.


ಕೊಲ್ಲಿ ಕನ್ನಡಿಗ

ನಾನು ಎರಡು ವರ್ಷ ಹಾಸಿ ಮೆಸ್ಸೌದ್‌ನ ತೈಲಬಾವಿಗಳಲ್ಲಿ ಕೆಲಸ ಮಾಡಿದವನು. ನಾನು ನೋಡಿದ ಅಲ್ಜೀರಿಯಾ ಅಂದರೆ ಕ್ಯಾಂಪಿನ ಬೇಲಿ, ಮೆಸ್ಸು, ಕೆಲಸಕ್ಕೆ ಹೋಗುವ ಬಸ್ಸು. ನಿಮ್ಮ ಪೋಸ್ಟ್ ಓದಿ ಹೊಟ್ಟೆಕಿಚ್ಚಾಯಿತು ಅಂತ ಮನಸ್ಸು ಬಿಚ್ಚಿ ಹೇಳುತ್ತೇನೆ.

ಜೀಪಿನ ಬೆಂಗಾವಲು ಯಾಕೆ ಅನ್ನುವುದನ್ನು ಹೊಸಬರು ತಿಳಿದಿರಬೇಕು. 1990ರ ದಶಕವನ್ನು ಅಲ್ಲಿಯವರು ಕಪ್ಪು ದಶಕ ಅನ್ನುತ್ತಾರೆ. ಸರ್ಕಾರಕ್ಕೂ ಬಂಡುಕೋರರಿಗೂ ನಡೆದ ಕಾಳಗದಲ್ಲಿ ಎಷ್ಟೋ ಸಾವಿರ ಜನ ಸತ್ತರು. 2003ರಲ್ಲಿ ಸಹಾರಾದಲ್ಲಿ 32 ಯುರೋಪಿಯನ್ ಪ್ರವಾಸಿಗಳನ್ನು ಅಪಹರಿಸಿದರು. 2013ರ ಜನವರಿಯಲ್ಲಿ ಇನ್ ಅಮೆನಾಸ್ ಅನಿಲ ಘಟಕದ ಮೇಲೆ ದಾಳಿಯಾಯಿತು. ನಮ್ಮಂಥ ಹೊರದೇಶದ ಕೆಲಸಗಾರರೇ ಅಲ್ಲಿ ಸತ್ತದ್ದು. ಈಗ ಪ್ರವಾಸಿಗಳು ಹೋಗುವ ಕಡೆ ಪರಿಸ್ಥಿತಿ ಎಷ್ಟೋ ಸುಧಾರಿಸಿದೆ. ಆದರೆ ಲಿಬಿಯಾ, ನೈಜರ್, ಮಾಲಿ ಗಡಿಯ ಕಡೆಗೆ ಗೈಡ್ ಹೋಗಬೇಡಿ ಅಂದರೆ ಹೋಗಬಾರದು. ಹುಬ್ಬಳ್ಳಿ ತಮ್ಮ ಇದನ್ನು ದಯವಿಟ್ಟು ಗಮನಿಸಲಿ.

ಅಲ್ಲಿಯ ಜನರ ಬಗ್ಗೆ ಒಂದೇ ಒಂದು ಮಾತು. ಕ್ಯಾಂಪಿನ ಕಾವಲುಗಾರರೊಬ್ಬರು ರಂಜಾನ್‌ನಲ್ಲಿ ದಿನಾ ಸಂಜೆ ನನ್ನ ಪಾಲಿನ ಸೂಪು ತೆಗೆದಿಟ್ಟಿರುತ್ತಿದ್ದರು. ನಾನು ಉಪವಾಸ ಮಾಡುವವನಲ್ಲ ಅಂತ ಅವರಿಗೆ ಗೊತ್ತಿತ್ತು.


ಮೈಸೂರಿನ ಸೊಸೆ

ಅಕ್ಕಾ, ಇಬ್ಬರೂ ಸಸ್ಯಾಹಾರಿಗಳಾ? ಊಟಕ್ಕೆ ಏನು ಮಾಡಿದಿರಿ? ಮರಳಿನಲ್ಲಿ ಟೆಂಟ್ ಹಾಕಿದಾಗ ಹೆಂಗಸರಿಗೆ ಕಷ್ಟವಾಗುವುದಿಲ್ಲವಾ? ಯಾರೂ ಇದನ್ನು ಬರೆಯುವುದಿಲ್ಲ, ನೀವಾದರೂ ಬಿಡಿಸಿ ಬರೆಯಿರಿ.


ಬೀದರಿನವಳು

ಬರೆಯುತ್ತೇನೆ, ಕೇಳಿದ್ದು ಒಳ್ಳೆಯದಾಯಿತು.

ಇಬ್ಬರೂ ಸಸ್ಯಾಹಾರಿಗಳೇ. ಪಟ್ಟಣಗಳಲ್ಲಿ ಮೂರು ಪದಾರ್ಥ ನೆನಪಿಡಿ. ಒಂದು ಮಹಾಜೆಬ್: ರವೆಯ ಹಿಟ್ಟನ್ನು ಕೈಯಲ್ಲೇ ತೆಳ್ಳಗೆ ಹರಡಿ, ಈರುಳ್ಳಿ ಟೊಮೇಟೊ ಪಲ್ಯ ಇಟ್ಟು ಮಡಚಿ ಕಾವಲಿಯಲ್ಲಿ ಬೇಯಿಸುತ್ತಾರೆ. ಇನ್ನೊಂದು ಗರಂತೀತಾ: ಕಡಲೆಹಿಟ್ಟು ಕಲಸಿ ಒಲೆಯಲ್ಲಿ ಸುಟ್ಟು, ಮೇಲೆ ಜೀರಿಗೆಪುಡಿ ಉದುರಿಸಿ ಬ್ರೆಡ್ಡಿನೊಳಗೆ ಇಟ್ಟುಕೊಡುತ್ತಾರೆ. ಇದರಲ್ಲಿ ಕೆಲವರು ಮೊಟ್ಟೆ ಹಾಕುತ್ತಾರೆ, ಕೇಳಿಕೊಳ್ಳಿ. ಮೂರನೆಯದು ತರಕಾರಿ ಕುಸ್ಕುಸ್. ಇಲ್ಲಿ ಹುಷಾರು: "ಮಾಂಸ ಬೇಡ" ಅಂದರೆ ತುಂಡುಗಳನ್ನು ಎತ್ತಿಟ್ಟು ಅದೇ ಸಾರು ಬಡಿಸುತ್ತಾರೆ. ಸಾರನ್ನೇ ಬೇರೆ ಮಾಡಬೇಕು ಅಂತ ಗೈಡ್‌ನಿಂದ ಹೇಳಿಸಿ.

ಮರಳಿನಲ್ಲಿ ನಮ್ಮ ಜೊತೆ ಗೈಡ್, ಡ್ರೈವರ್, ಅಡುಗೆಯವರು ಅಂತ ಮೂವರು. ಮೂವರೂ ಸಹಾರಾದ ತುವಾರೆಗ್ ಬುಡಕಟ್ಟಿನವರು. ಬೆಂಕಿ ಹಾಕಿ ಕೆಂಡವಾದ ಮೇಲೆ ಅದನ್ನು ಸರಿಸಿ, ಬಿಸಿ ಮರಳಿನಲ್ಲಿ ರವೆಯ ರೊಟ್ಟಿ ಹೂತು, ಮೇಲೆ ಮತ್ತೆ ಮರಳೂ ಕೆಂಡವೂ ಎಳೆಯುತ್ತಾರೆ. ತಗೆಲ್ಲಾ ಅನ್ನುತ್ತಾರೆ ಅದಕ್ಕೆ. ತೆಗೆದು ಬಡಿದು ತೊಳೆದರೆ ಒಂದು ಕಣ ಮರಳು ಇರುವುದಿಲ್ಲ. ನಾನು ಕಟ್ಟಿಕೊಂಡು ಹೋಗಿದ್ದ ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ತೆಗೆದು ಅವರ ಮುಂದಿಟ್ಟೆ. ಅಡುಗೆಯವರು ಚಟ್ನಿಪುಡಿಯನ್ನು ಬಿಸಿ ತಗೆಲ್ಲಾದ ಮೇಲೆ ಹಾಕಿಕೊಂಡು ತಿಂದು, ಡಬ್ಬಿಯನ್ನು ತಮ್ಮ ಪಕ್ಕಕ್ಕೆ ಎಳೆದುಕೊಂಡರು. ಡಬ್ಬಿ ಅವರಿಗೇ ಬಿಟ್ಟುಬಂದೆ.

ಹೆಂಗಸರ ವಿಷಯ. ದಿಬ್ಬದ ಹಿಂದೆ ಹೋಗುವುದು, ಗುಂಡಿ ತೋಡಿ ಮುಚ್ಚುವುದು, ಕಾಗದ ಬಳಸಿದರೆ ಅಲ್ಲೇ ಸುಡುವುದು. ಲೈಟರ್ ಜೊತೆಗಿರಲಿ. ಕ್ಯಾಂಪಿನ ಯಾವ ಕಡೆ ಹೆಂಗಸರ ದಿಕ್ಕು ಅಂತ ಇಳಿದ ಕೂಡಲೇ ಗೈಡ್ ಹೇಳಿದರು, ಆಮೇಲೆ ಆ ಮೂವರೂ ಆ ಕಡೆ ಮುಖವನ್ನೇ ಮಾಡಲಿಲ್ಲ. ಸೀರೆಗಿಂತ ಸಲ್ವಾರ್ ಅನುಕೂಲ. ತಲೆಗೆ ಉದ್ದದ ಹತ್ತಿ ಬಟ್ಟೆ ಬೇಕು. ಜನವರಿಯಲ್ಲಿ ಹಗಲು ಹಿತವಾದ ಬಿಸಿಲು, ರಾತ್ರಿ ಮೈ ಕೊರೆಯುವ ಚಳಿ. ಉಣ್ಣೆಯ ಟೋಪಿ, ಕಾಲುಚೀಲ ಇಲ್ಲದೆ ಹೋಗಬೇಡಿ. ನೀರು ಅಳೆದು ಬಳಸುತ್ತಾರೆ, ಸ್ನಾನ ನಾಲ್ಕು ದಿನ ಇಲ್ಲ.


ಕಲ್ಲು ಓದುವವ

ಜಾನೆತ್ ಅಂದಿರಿ, ಅಲ್ಲಿಗೇ ನಿಲ್ಲಿಸಿಬಿಟ್ಟಿರಿ. ನಾನು ಶಿಲಾಚಿತ್ರಗಳ ಹಿಂದೆ ಅಲೆಯುವವನು, ಹಿರೇಬೆಣಕಲ್ ಗುಡ್ಡ ಎಷ್ಟು ಸಲ ಹತ್ತಿದ್ದೇನೋ ಲೆಕ್ಕವಿಲ್ಲ. ಜಾನೆತ್ ಪಕ್ಕದ ತಸ್ಸಿಲಿ ನಜ್ಜೆರ್ ನೋಡಬೇಕು ಅನ್ನುವುದು ನನ್ನ ದೊಡ್ಡ ಆಸೆ. 72,000 ಚದರ ಕಿಲೋಮೀಟರ್ ಹರಡಿದ ಆ ಬಂಡೆಸೀಮೆಯಲ್ಲಿ 15,000ಕ್ಕೂ ಹೆಚ್ಚು ಚಿತ್ರ, ಕೆತ್ತನೆಗಳಿವೆ. ಜಿರಾಫೆ, ಆನೆ, ನೀರಾನೆ, ಆಮೇಲೆ ದನಗಳ ಹಿಂಡು, ಆಮೇಲೆ ಕುದುರೆ, ಕೊನೆಗೆ ಒಂಟೆ. ಒಂದು ನಾಡು ಹಸಿರಿನಿಂದ ಮರಳಾದ ಕತೆಯನ್ನು ಅಲ್ಲಿದ್ದ ಜನರೇ ಬರೆದಿಟ್ಟಂತಿದೆ.

ಒಂದು ಕೋರಿಕೆ. 1956-57ರಲ್ಲಿ ಫ್ರೆಂಚ್ ತಂಡವೊಂದು ಅಲ್ಲಿಯ ಚಿತ್ರಗಳನ್ನು ನಕಲು ಮಾಡುವಾಗ ಬಣ್ಣ ಎದ್ದು ಕಾಣಲಿ ಅಂತ ಗೋಡೆಗಳನ್ನು ನೀರಿನಿಂದ ಒರೆಸಿತು. ಆ ಚಿತ್ರಗಳು ಅದರಿಂದ ಮಂಕಾದವು. ಯಾರಾದರೂ ಫೋಟೋಗಾಗಿ ನೀರು ಚಿಮುಕಿಸಿದರೆ ದಯವಿಟ್ಟು ತಡೆಯಿರಿ. ಅಲ್ಲೂ, ನಮ್ಮಲ್ಲೂ.


ಬೀದರಿನವಳು

ಸರ್, ನಿಮ್ಮ ಮಾತನ್ನು ಹೋಗುವ ಮೊದಲು ಓದಿದ್ದರೆ ಚೆನ್ನಾಗಿತ್ತು. ತಸ್ಸಿಲಿ ಪ್ರಸ್ಥಭೂಮಿಯ ಮೇಲೆ ಶಿಲಾಚಿತ್ರಗಳಿರುವ ಸೆಫಾರ್‌ಗೆ ನಾವು ಹೋಗಲಿಲ್ಲ. ಸಾಮಾನು ಕತ್ತೆಯ ಮೇಲೆ ಹೇರಿ ದಿನಗಟ್ಟಲೆ ನಡೆಯಬೇಕು, ನನ್ನ ಮಂಡಿ ಒಪ್ಪಲಿಲ್ಲ. ನೀವು ಕಾಲಿನಲ್ಲಿ ಕಸುವಿರುವಾಗಲೇ ಹೋಗಿಬನ್ನಿ.

ನಾವು ನೋಡಿದ್ದು ಜಾನೆತ್‌ನಿಂದ ಜೀಪಿನಲ್ಲಿ ಹೋಗಬಹುದಾದ ತೆಘರ್ಘರ್ತ್‌ನ ಅಳುವ ಹಸುಗಳು. ಬಯಲಿನಲ್ಲಿ ಒಂಟಿಯಾಗಿ ನಿಂತ ಬಂಡೆ. ಅದರ ಬುಡದಲ್ಲಿ, ಸುಮಾರು 7,000 ವರ್ಷ ಹಳೆಯದೆಂದು ಅಂದಾಜಿರುವ ಕೆತ್ತನೆ. ಕೊಂಬು ಬಾಗಿಸಿಕೊಂಡ ಹಸುಗಳು, ಒಂದೊಂದರ ಕಣ್ಣಿನಡಿ ಒಂದು ಹನಿ. ಗೆರೆಗಳು ಎಷ್ಟು ನುಣುಪು ಅಂದರೆ, ಕೆತ್ತಿದವನು ಕಲ್ಲನ್ನು ಹಸುವಿನ ಮೈಯಂತೆ ಸವರುತ್ತಾ ಕೂತಿದ್ದನೇನೋ ಅನ್ನಿಸುತ್ತದೆ. ನೀರು ಕುಡಿಯಲು ಬಂದ ಹಸುಗಳಿಗೆ ಹೊಂಡ ಬತ್ತಿದ್ದು ಕಂಡು ಅಳು ಬಂತು, ಅದನ್ನೇ ಕೆತ್ತಿದ್ದಾರೆ ಅಂತ ಅಲ್ಲಿಯವರು ಹೇಳುವ ಕತೆ. ನಿಮ್ಮಂಥ ತಿಳಿದವರು ಬೇರೆ ಅರ್ಥ ಹೇಳಬಹುದು. ತಿಮಿಮೂನ್‌ನ ಒಣಗಿದ ಕಸ್ರಿಯಾ ಹಲ್ಲುಗಳನ್ನು ನಾಲ್ಕು ದಿನದ ಹಿಂದೆ ನೋಡಿಬಂದಿದ್ದ ನನಗೆ ಬೇರೆ ಅರ್ಥ ಬೇಕೆನ್ನಿಸಲಿಲ್ಲ. ಪೂಜೆ ಮಾಡುವ ಪ್ರಾಣಿಯ ಕಣ್ಣೀರು ಅದು. ಅಲ್ಲೇ ಮಂಡಿಯೂರಿ ಕೂತುಬಿಟ್ಟೆ.

ಅಲ್ಲಿಂದ ತದ್ರಾರ್ತ್‌ನ ಕೆಂಪು ಮರಳಿಗೆ ಹೋದೆವು. ಜನವರಿ 13 ಹುಣ್ಣಿಮೆ. ಬೆಳದಿಂಗಳಲ್ಲಿ ಟಾರ್ಚ್ ಇಲ್ಲದೆ ಓಡಾಡಬಹುದಿತ್ತು. ನಕ್ಷತ್ರ ನೋಡಬೇಕೆನ್ನುವವರು ಅಮಾವಾಸ್ಯೆಯ ಲೆಕ್ಕ ಹಾಕಿ ಹೊರಡಿ.

ಮಾರನೇ ದಿನ ಸಂಕ್ರಾಂತಿ. ನಮ್ಮ ನಾದಿನಿ ಎಳ್ಳು-ಬೆಲ್ಲದ ಪೊಟ್ಟಣ ಕಟ್ಟಿಕೊಟ್ಟಿದ್ದರು. ಬೆಳಿಗ್ಗೆ ಮೂವರಿಗೂ ಕೊಟ್ಟು, ಇದನ್ನು ತಿಂದು ಒಳ್ಳೆಯ ಮಾತಾಡಬೇಕು ಅಂತ ಗೈಡ್‌ಗೆ ಹೇಳಿದೆವು. ಅವರು ಉಳಿದಿಬ್ಬರಿಗೆ ತಮ್ಮ ಭಾಷೆಯಲ್ಲಿ ಹೇಳಿದರು. ಆಮೇಲೆ ಅವರ ಚಹಾ. ಒಂದೇ ಸೊಪ್ಪಿಗೆ ಮೂರು ಸಲ ನೀರು ಹಾಕಿ ಮೂರು ಲೋಟ ಕೊಡುತ್ತಾರೆ. ಮೊದಲನೆಯದು ಕಹಿ, ಸಾವಿನಂತೆ. ಆಮೇಲಿನದು ಬದುಕಿನಂತೆ, ಕೊನೆಯದು ಒಲವಿನಂತೆ ಅನ್ನುತ್ತಾರೆ. ಮೂರನ್ನೂ ಕುಡಿಯದೆ ಏಳುವುದು ಸಭ್ಯತೆಯಲ್ಲ.


ಮೈಸೂರಿನ ಸೊಸೆ

ಸಂಕ್ರಾಂತಿ ಓದಿ ಕಣ್ಣು ತುಂಬಿತು ಅಕ್ಕಾ.


ಬೀದರಿನವಳು

ಹಾಗಾದರೆ ಇನ್ನೊಂದು ಕೇಳು. ಅದಕ್ಕೆ ಮೂರು ದಿನ ಮುಂಚೆ, 11ರ ರಾತ್ರಿ, ನಾವು ಅಲ್ಜೀರ್ಸ್‌ನಲ್ಲಿ ಒಂದು ಮನೆಯಲ್ಲಿ ಉಳಿದಿದ್ದೆವು. ಜನವರಿ 12 ಅಮಾಜಿಗ್ (ಬರ್ಬರ್) ಅನ್ನುವ ಅಲ್ಲಿಯ ಮೂಲ ಜನರ ಹೊಸ ವರ್ಷ, ಯೆನ್ನಾಯೆರ್. 2018ರಿಂದ ಅದು ಅಲ್ಲಿ ರಾಷ್ಟ್ರೀಯ ರಜೆ. ಅವರ ಲೆಕ್ಕದಲ್ಲಿ 2975ನೇ ವರ್ಷ. ಊಟವಾದ ಮೇಲೆ ಮನೆಯ ಎಲ್ಲರಿಗಿಂತ ಚಿಕ್ಕ ಮಗುವನ್ನು ದೊಡ್ಡ ಮರದ ಬೋಗುಣಿಯಲ್ಲಿ ಕೂರಿಸಿದರು. ಅಜ್ಜಿ ಬಂದು ಬಾದಾಮಿ, ಅಕ್ರೂಟ, ಖರ್ಜೂರ, ಮಿಠಾಯಿ ಎಲ್ಲವನ್ನೂ ಮಗುವಿನ ತಲೆಯ ಮೇಲೆ ಸುರಿದರು. ಉಳಿದ ಮಕ್ಕಳು ಮುಗಿಬಿದ್ದು ಆರಿಸಿಕೊಂಡರು.

ನಮ್ಮಲ್ಲಿ ಸಂಕ್ರಾಂತಿಗೆ ಮಕ್ಕಳಿಗೆ ಎಲಚಿ ಹಣ್ಣು ಎರೆಯುವುದಿಲ್ಲವಾ! ನಾನೂ ಇವರೂ ಮುಖ ಮುಖ ನೋಡಿಕೊಂಡೆವು. ಒಂದು ಇನ್ನೊಂದರಿಂದ ಬಂತು ಅಂತ ನಾನು ಹೇಳುತ್ತಿಲ್ಲ. ಸುಗ್ಗಿ, ಚಳಿ, ಮನೆಯಲ್ಲೊಂದು ಮಗು ಇದ್ದರೆ ಎಲ್ಲಿಯ ಅಜ್ಜಿಗೂ ಹೀಗೇ ಮಾಡಬೇಕು ಅನ್ನಿಸುತ್ತದೇನೋ. ಇವರು ತಮ್ಮ ಫೋನಿನಲ್ಲಿ ನಮ್ಮ ಮೊಮ್ಮಗಳ ಹಣ್ಣು ಎರೆದ ಫೋಟೋ ತೆಗೆದು ಆ ಅಜ್ಜಿಗೆ ತೋರಿಸಿದರು. ಅವರು ಫೋನನ್ನು ಮನೆಯವರಿಗೆಲ್ಲ ಕೈಯಿಂದ ಕೈಗೆ ಕೊಟ್ಟರು.


ಹಳೇ ಮೇಷ್ಟ್ರು

ಮಗಳೇ, ಇತಿಹಾಸದ ಮೇಷ್ಟರಾಗಿ ಒಂದು ಮಾತು ಸೇರಿಸುತ್ತೇನೆ. ತಿಮಿಮೂನ್‌ನಿಂದ ದಕ್ಷಿಣಕ್ಕೆ ಹೋದರೆ ರೆಗ್ಗಾನ್ ಅನ್ನುವ ಊರಿದೆ. ಅಲ್ಲಿಯದೂ ಫೊಗ್ಗಾರದ ಸೀಮೆಯೇ. 1960ರ ಫೆಬ್ರವರಿ 13ರಂದು ಫ್ರಾನ್ಸ್ ತನ್ನ ಮೊದಲ ಅಣುಬಾಂಬನ್ನು ಸಿಡಿಸಿದ್ದು ಆ ಸೀಮೆಯಲ್ಲಿ. ಜೆರ್ಬೋವಾ ಅನ್ನುವ ಮರುಭೂಮಿಯ ಪುಟ್ಟ ನೆಗೆಯುವ ಇಲಿಯ ಹೆಸರನ್ನು ಅದಕ್ಕಿಟ್ಟರು. 1830ರಲ್ಲಿ ಬಂದು ಆಳಿದ ಫ್ರೆಂಚರು, 1954ರಿಂದ ಎಂಟು ವರ್ಷ ಜನ ಹೋರಾಡಿ 1962ರ ಜುಲೈ 5ರಂದು ಸ್ವಾತಂತ್ರ್ಯ ಪಡೆದರೂ, ಒಪ್ಪಂದದ ಬಲದಿಂದ 1966ರವರೆಗೆ ಪರೀಕ್ಷೆ ಮುಂದುವರಿಸಿದರು. ಬಯಲಿನಲ್ಲಿ ನಾಲ್ಕು, ಹೊಗ್ಗಾರ್ ಬೆಟ್ಟದ ಕಡೆ ಇನ್ ಎಕರ್‌ನಲ್ಲಿ ನೆಲದಡಿ ಹದಿಮೂರು. ಖಾಲಿ ಮರುಭೂಮಿ ಅಂತ ಅವರು ಹೇಳಿದ ಜಾಗದಲ್ಲಿ ಜನ ಕಿಂಡಿ ಲೆಕ್ಕದಲ್ಲಿ ನೀರು ಹಂಚಿಕೊಂಡು ಬದುಕಿದ್ದರು. ನಿನ್ನ ಗೈಡ್ ಈ ಮಾತು ತೆಗೆದರಾ?


ಬೀದರಿನವಳು

ತೆಗೆದರು ಮೇಷ್ಟ್ರೇ. ನಾವು ಕೇಳಿರಲಿಲ್ಲ. ಕಾರಿನಲ್ಲಿ ಹೋಗುವಾಗ ಆ ಕಡೆ ಕೈ ತೋರಿಸಿ ಊರಿನ ಹೆಸರು ಮಾತ್ರ ಹೇಳಿದರು, ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಹೆಸರಿನ ಅರ್ಥ ನನಗೆ ಆಗ ಗೊತ್ತಿರಲಿಲ್ಲ, ರಾತ್ರಿ ಓದಿ ತಿಳಿದುಕೊಂಡೆ. ಬೆಳಿಗ್ಗೆ ಅವರಿಗೆ ನಮಸ್ಕಾರ ಹೇಳುವಾಗ ನನ್ನ ಗಂಟಲು ಕಟ್ಟಿತ್ತು.


ಹುಬ್ಬಳ್ಳಿ ಹುಡುಗ

ಅಕ್ಕಾರ, ನನ್ನ ಮಾತು ಅರ್ಧ ವಾಪಸ್ ತಗೋತೀನ್ರಿ. ಕಾರ್ಪೆಟ್ ಅಂಗಡಿ ಅರ್ಧ ಹಂಗ ಇರ್ಲಿ. ಮುಂದಿನ ಡಿಸೆಂಬರ್‌ದಾಗ ಹೋಗಾಂವ ಅದೀನಿ, ಜೀಪಿನ ಖರ್ಚು ಹಂಚ್ಕೊಳ್ಳಾಕ ಇನ್ನೂ ಮೂರು ಮಂದಿ ಬೇಕ್ರಿ. ಕಲ್ಲು ಓದುವ ಸರ್, ಸೆಫಾರ್‌ಗೆ ಬರ್ತೀರೇನ್ರಿ?


ಕಲ್ಲು ಓದುವವ

ಬರುತ್ತೇನೆ. ರಜೆ ಈಗಲೇ ಬರೆದು ಹಾಕುತ್ತೇನೆ.


ನೌಬಾದ್ ನೆರಳು

ಅಕ್ಕಾ, ನಾ ಬೀದರಿನಾಗೇ ಇರ್ತೀನಿ. ನೌಬಾದ್ ಕರೇಜ್‌ಗೆ ಹೋಗ್ತಾ ಬರ್ತಾ ಇರ್ತೀನಿ. ಸುಮಾರು ಹತ್ತು ವರ್ಷದ ಹಿಂದೆ ಹೂಳು ತೆಗೆಯೋ ಕೆಲಸ ನಡೀತು, ಮುಚ್ಚಿಹೋಗಿದ್ದ ಬಾವಿಬಾಯಿ ಎಷ್ಟೋ ತೆರೆದ್ರು, ಒಳಗೆ ನೀರು ಕಂಡ್ತು. ಕೆಂಪು ಜಂಬಿಟ್ಟಿಗೆ ಕಲ್ಲಿನೊಳಗೆ ನೀರು ಇಂಗಿ ಕೆಳಗಿನ ಕರಿಕಲ್ಲಿಗೆ ಬಂದು ನಿಲ್ತದ, ಆ ಸಂದಿನಾಗೇ ಸುರಂಗ ಹೊಡೆದಾರ. ಸುತ್ತ ಮನೆ, ಲೇಔಟು ಆದ್ರೆ ಇಂಗೋ ನೀರೇ ಇರಲ್ಲ ಅನ್ನೋದು ನನ್ನ ಚಿಂತೆ. ನೀವು ಅಲ್ಲಿಯವರಿಗೆ ನಮ್ಮ ಕರೇಜ್ ಬಗ್ಗೆ ಹೇಳಿದ್ರೇನು?


ಬೀದರಿನವಳು

ಹೇಳಿದೆ. ಊರಿಗೆ ಬಂದ ಮೇಲೆ ತಮ್ಮನಿಂದ ನೌಬಾದ್‌ನ ಫೋಟೋ ತೆಗೆಸಿ ಗೈಡ್‌ಗೆ ಕಳಿಸಿದೆ. ಅವರು ಅದನ್ನು ಆ ನೀರಳೆಯುವ ಹಿರಿಯರಿಗೆ ತೋರಿಸಿದ್ದಾರೆ. ಹಿರಿಯರು ಫೋಟೋ ಬಹಳ ಹೊತ್ತು ನೋಡಿ, ಸುರಂಗದ ಬಾಯಿ ಚೆನ್ನಾಗಿದೆ ಅಂದರಂತೆ. ಆಮೇಲೆ ಒಂದು ಪ್ರಶ್ನೆ ಕೇಳಿ ಕಳಿಸಿದ್ದಾರೆ: "ನಿಮ್ಮಲ್ಲಿ ನೀರು ಅಳೆಯುವವರು ಯಾರು?"

ಎರಡು ವಾರವಾಯಿತು, ಉತ್ತರ ಬರೆದಿಲ್ಲ. ನಿಮ್ಮ ಕಡೆ ಹಳಬರು ಯಾರಾದರೂ ಇದ್ದಾರಾ? ಹಿಂದೆ ಕರೇಜ್ ನೀರಿನ ಪಾಲು ಹೇಗೆ ಹಂಚುತ್ತಿದ್ದರು, ಯಾರ ಮಾತು ನಡೆಯುತ್ತಿತ್ತು, ಒಂದಿಷ್ಟು ಕೇಳಿ ನೋಡ್ತೀರಾ?


ನೌಬಾದ್ ನೆರಳು

ನಮ್ಮ ಓಣಿಯಾಗ ಒಬ್ಬ ಅಜ್ಜ ಇದ್ದಾರ, ತೊಂಬತ್ತರ ಹತ್ರ. ಅವ್ರ ತೋಟ ಅಲ್ಲೇ ಇತ್ತು. ಐತ್ವಾರ ಹೋಗಿ ಕೂತು ಕೇಳ್ತೀನಿ, ಬಂದು ಇಲ್ಲೇ ಬರೀತೀನಿ.